ವಾಲ್ವಿನೊಳಗಿನ ಬಳೆ

ಹೊನ್ನಾಳಿ
೮ ಜೂನ್ ೨೦೨೪

ಅಕ್ಕಾ,

ಹೆದರಬೇಡ, ನಾನು ಆಣೆ ಮುರಿಯುತ್ತಿಲ್ಲ. ನಾಲ್ಕು ವರ್ಷದ ಹಿಂದೆ ಮನೆದೇವರ ಮುಂದೆ ನಿಂತು ನಾವಿಬ್ಬರೂ ಹೇಳಿದ್ದು, "ಇನ್ನೊಂದು ಸಲ ಮಾತಾಡಿದ್ರೆ ನನ್ನ ನಾಲಿಗೆ ಸೇದಿಹೋಗ್ಲಿ" ಅಂತ. ಬರೆದರೆ ಕೈ ಸೇದಿಹೋಗಲಿ ಅಂತ ಯಾರೂ ಹೇಳಿಲ್ಲ. ನಿನ್ನ ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ, ಅದು ನಿನ್ನಿಷ್ಟ. ಕಾಗದಕ್ಕೆ ಯಾವ ಬ್ಲಾಕೂ ಇಲ್ಲ. ಜಗಳೂರು ಬಸ್ಸಿನ ಕಂಡಕ್ಟರ್ ರುದ್ರಮುನಿ ನನ್ನ ಗಿರಾಕಿ, ಅವನ ಊರಿನ ಪಂಪನ್ನು ನಾನೇ ರಿಪೇರಿ ಮಾಡಿದ್ದು. ಈ ಕಾಗದ ಅವನ ಕೈಯಲ್ಲೇ ಬರುತ್ತದೆ, ಉತ್ತರವನ್ನೂ ಅವನಿಗೇ ಕೊಡು.

ಅವ್ವನನ್ನು ಯಾರು ಇಟ್ಟುಕೊಳ್ಳಬೇಕು ಅನ್ನುವ ಹಳೇ ವಿಷಯಕ್ಕೆ ಬರೆಯುತ್ತಿಲ್ಲ. ನೀನೇ ಇಟ್ಟುಕೊಂಡಿದ್ದೀಯ, ಆಯಿತು, ಗೆದ್ದೆ. ನನಗೆ ಬೇಕಿರುವುದು ಒಂದು ವಾಲ್ವು.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನಿಮ್ಮ ಕಡೆಯ ಕುರಿ ಕಾಯುವ ದುರುಗೇಶಣ್ಣ ಇಲ್ಲಿ ಹೊಳೆ ನಡುಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡಿದ್ದು ನಿನಗೆ ಗೊತ್ತು. ಮೇಲೆ ಡ್ಯಾಮಿನಿಂದ ನೀರು ಬಿಟ್ಟಿದ್ದರು. ನಾವು ಹುಡುಗರೆಲ್ಲ ಹಗ್ಗಕ್ಕೆ ಕಲ್ಲು ಕಟ್ಟಿ ಎಸೆದದ್ದೇ ಎಸೆದದ್ದು. ಒಂದೂ ಅರ್ಧ ಹೊಳೆ ದಾಟಲಿಲ್ಲ. ದೋಣಿ ಬರುವಷ್ಟರಲ್ಲಿ ಜೊತೆಗಿದ್ದ ದುರುಗೇಶಣ್ಣನ ತಮ್ಮ ಅಣ್ಣನ ಕೈ ಜಾರಿ ಕೊಚ್ಚಿಹೋದ. ನಾನು ನೋಡುತ್ತಾ ನಿಂತಿದ್ದೆ ಅಕ್ಕ. ಈಗಲೂ ನೀರು ಬಿಡುವ ಸೈರನ್ ಕೂಗಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ದಂಡೆಗೆ ಓಡುತ್ತೇನೆ.

ಅದಕ್ಕೇ ಗಾಳಿಯಿಂದ ಹಗ್ಗ ಎಸೆಯುವ ಕೊಳವೆ ಮಾಡುತ್ತಿದ್ದೇನೆ. ಒಂದು ಟ್ಯಾಂಕಿನಲ್ಲಿ ಗಾಳಿ ತುಂಬುವುದು, ಮುಂದೆ ಉದ್ದನೆಯ ಪೈಪಿನಲ್ಲಿ ಸಣ್ಣ ದಾರ ಕಟ್ಟಿದ ಮರದ ಗೂಟ. ಗಾಳಿ ಬಿಟ್ಟರೆ ಗೂಟ ಹಾರಿ ಆ ದಡ ಸೇರಬೇಕು. ದಾರ ಸಿಕ್ಕರೆ ಅದರ ಹಿಂದೆ ದಪ್ಪ ಹಗ್ಗ ಎಳೆದುಕೊಳ್ಳಬಹುದು. ಆದರೆ ನಾನು ಹಾಕಿರುವ ತಿರುಗಿಸುವ ವಾಲ್ವು ಸೋಮಾರಿ. ತಿರುಗಿಸಿ ಮುಗಿಸುವಷ್ಟರಲ್ಲಿ ಗಾಳಿ ಪುಸ್ ಅಂತ ಸೋರಿ ಗೂಟ ಕಾಲಬುಡದಲ್ಲೇ ಬೀಳುತ್ತದೆ. ಅಕ್ಷಿತಾ ನೋಡಿ, "ರೀ, ಇದಕ್ಕಿಂತ ನಮ್ಮ ಎಮ್ಮೆ ಜೋರಾಗಿ ಉಸಿರು ಬಿಡ್ತೈತೆ" ಅಂದಳು. ಮದುವೆಗೆ ನೀನು ಬರಲಿಲ್ಲ, ಬಂದಿದ್ದರೆ ನಿಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು.

ಸ್ಪ್ರೇಯರ್, ಡ್ರಿಪ್ ವಾಲ್ವು ಬಿಚ್ಚಿ ಕಟ್ಟುವುದರಲ್ಲಿ ನಿನ್ನ ಮುಂದೆ ಯಾರಿದ್ದಾರೆ? ಹೊಳೆ ತುಂಬುವ ಮೊದಲು ಮಾಡಿಕೊಡು.

ನಿನ್ನ ತಮ್ಮ
ಕೆಂಚೇಶ್


ಜಗಳೂರು
೧೪ ಜೂನ್ ೨೦೨೪

ಕೆಂಚಾ,

ಕಾಗದ ತಲುಪಿತು. ರುದ್ರಮುನಿ ಅಂಗಡಿಗೇ ಬಂದು ಕೊಟ್ಟ. "ನಿಮ್ಮ ತಮ್ಮಂದು ಅಕ್ಕಾ, ಒಳಗೆ ಬೈಗುಳ ಐತೋ ಏನೋ, ನಾನಂತೂ ನೋಡಿಲ್ಲ" ಅಂದ. ನೋಡಿದ್ದಾನೆ ಅಂತ ಅವನ ಮುಖವೇ ಹೇಳುತ್ತಿತ್ತು.

ಅವ್ವನಿಗೆ ಓದಿ ಹೇಳಿದೆ. "ಕಾಗದ ಮಾತಲ್ಲ ಬಿಡು" ಅಂದಳು. ಆಮೇಲೆ, "ಆದ್ರೆ ಬಾಯಿ ಬಿಟ್ಟೀರಿ ಜ್ವಾಕೆ. ಆಣೆ ಮುರಿದೋರ ಮನ್ಯಾಗೆ ಒಂದು ಜೀವ ಹೋಗ್ತೈತೆ" ಅಂದಳು. ನಿನಗೆ ನಗು ಬರಬಹುದು, ನನಗೆ ಬರುವುದಿಲ್ಲ.

ಈಗ ವಾಲ್ವಿನ ವಿಷಯ. ನೀನು ಕೊಳಾಯಿ ತಿರುಗಿಸಿದಂತೆ ತಿರುಗಿಸಿದರೆ ಗಾಳಿ ಸಂದಿಯಲ್ಲಿ ಸ್ವಲ್ಪ ಸ್ವಲ್ಪವೇ ಹೋಗುತ್ತದೆ. ಒಂದೇ ಏಟಿಗೆ ದೊಡ್ಡ ಬಾಗಿಲು ತೆರೆಯಬೇಕು. ಅದಕ್ಕೆ ಒಳಗೊಂದು ಪಿಸ್ಟನ್ ಇರಬೇಕು. ಅದರ ಬೆನ್ನ ಹಿಂದಿನ ಗಾಳಿಯೇ ಅದನ್ನು ಪೈಪಿನ ಬಾಯಿಗೆ ಒತ್ತಿ ಹಿಡಿದಿರುತ್ತದೆ. ಬೆನ್ನ ಗಾಳಿ ಬಿಟ್ಟುಬಿಟ್ಟರೆ ಪಿಸ್ಟನ್ ಹಿಂದಕ್ಕೆ ಜಿಗಿಯುತ್ತದೆ, ಟ್ಯಾಂಕಿನ ಗಾಳಿಯೆಲ್ಲ ಒಟ್ಟಿಗೆ ನುಗ್ಗುತ್ತದೆ. ನಾನು ಮಾಡಬಲ್ಲೆ. ಪಿಸ್ಟನ್ನು ಮಾತ್ರ ಚನ್ನಗಿರಿಯ ತಿಪ್ಪೇಶಪ್ಪಮಾವನ ಲೇತಿನಲ್ಲಿ ಕಡೆಸಬೇಕು.

ಆದರೆ ಮೊದಲು ಒಂದು ಮಾತಿಗೆ ಉತ್ತರ ಕೊಡು. ನಿನ್ನ ಟ್ಯಾಂಕು ಯಾವುದರದ್ದು? ಎಲ್ಲಾ ಬರೆದು ಅದೊಂದನ್ನೇ ಬಿಟ್ಟಿದ್ದೀಯ. ಬೋರಿನ ಪ್ಲಾಸ್ಟಿಕ್ ಪೈಪಿನಲ್ಲಿ ಮಾಡಿದ್ದರೆ ಇವತ್ತೇ ಒಡೆದು ತಿಪ್ಪೆಗೆ ಹಾಕು. ಪೈಪಿನ ಮೇಲೆ ಹತ್ತು ಕೆಜಿ ಒತ್ತಡ ತಡೆಯುತ್ತದೆ ಅಂತ ಅಚ್ಚು ಹಾಕಿರುತ್ತಾರೆ. ಅದು ನೀರಿನ ಲೆಕ್ಕ, ಗಾಳಿಯದ್ದಲ್ಲ. ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು ಇದು. ನೀರು ತುಂಬಿದ ಪೈಪು ಒಡೆದರೆ ಸೋರುತ್ತದೆ, ಗಾಳಿ ತುಂಬಿದ್ದು ಒಡೆದರೆ ಚೂರು ಚೂರಾಗಿ ಸಿಡಿಯುತ್ತದೆ. ಆ ಚೂರು ಮೈಯೊಳಗೆ ಹೋದರೆ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲವಂತೆ. ಹೋದ ಬೇಸಿಗೆಯಲ್ಲಿ ಇಲ್ಲೊಬ್ಬ ಹಂದಿ ಬೆದರಿಸಲು ಅಂಥದೇ ಒಂದನ್ನು ಮಾಡಿ ಕೆನ್ನೆಗೆ ಆನಿಸಿಕೊಂಡಿದ್ದ. ಅವನ ಹೆಂಡತಿ ಸ್ಪ್ರೇಯರ್ ರಿಪೇರಿಗೆ ಬರುತ್ತಾಳೆ. ಅವನು ಬರುವುದಿಲ್ಲ, ಕಣ್ಣು ಕಾಣುವುದಿಲ್ಲ.

ಕಬ್ಬಿಣದ್ದೇ ಇರಬೇಕು. ಹೌದು ಅಂತ ಬರೆದರೆ ಮಾತ್ರ ವಾಲ್ವು.

ಉಷಾರಾಣಿ


ಹೊನ್ನಾಳಿ
೨೧ ಜೂನ್ ೨೦೨೪

ಅಕ್ಕಾ,

ಹೌದು ಮಾರಾಯ್ತಿ, ಕಬ್ಬಿಣದ್ದು. ಹಳೇ ಕಂಪ್ರೆಸರಿನ ಟ್ಯಾಂಕು, ಗುಜರಿಯಲ್ಲಿ ಸಿಕ್ಕಿತು. ಸಮಾಧಾನವಾಯಿತಾ? ಹುಟ್ಟಿದಾಗಿನಿಂದ ನಿನ್ನದು ಇದೇ ಕತೆ. ನಾನು ಮರ ಹತ್ತಿದರೆ ನೀನು ಕೆಳಗೆ ಸೆರಗು ಹಿಡಿದು ನಿಲ್ಲುತ್ತಿದ್ದೆ, ಬಿದ್ದರೆ ಹಿಡಿಯುತ್ತೇನೆ ಅಂತ. ಆ ಸೆರಗು ನೋಡಿಯೇ ನಾನು ಕೊಂಬೆ ತಪ್ಪಿ ಬೀಳುತ್ತಿದ್ದೆ.

ಪಿಸ್ಟನ್ ಕಡೆಸಲು ನಾನೇ ಚನ್ನಗಿರಿಗೆ ಹೋಗಿ ಬಂದೆ. ತಿಪ್ಪೇಶಪ್ಪಮಾವ, "ಅಕ್ಕ ತಮ್ಮ ಮಾತಾಡಲ್ಲ, ವಾಲ್ವು ಮಾತ್ರ ಮಾಡ್ತೀರಿ, ಯಾವ ಸೀಮೆ ಮಂದೀನಪ್ಪಾ" ಅಂತ ನಕ್ಕರು. ಪಿಸ್ಟನ್ ಇದರ ಜೊತೆ ಕಳಿಸಿದ್ದೇನೆ.

ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿದಿದೆಯಂತೆ. ಹೊಳೆಯ ಬಣ್ಣ ಕೆಂಪಾಗಿದೆ. ಕುರಿಯವರು ಇನ್ನೂ ನಡುಗಡ್ಡೆ ಬಿಟ್ಟಿಲ್ಲ, ಹೇಳಿದರೆ "ಇನ್ನ ಟೈಮ್ ಐತೆ ಬಿಡ್ರಿ" ಅನ್ನುತ್ತಾರೆ. ನನಗಂತೂ ಟೈಮ್ ಇದೆ ಅನ್ನಿಸುತ್ತಿಲ್ಲ. ಬೇಗ ಮಾಡು.

ಕೆಂಚೇಶ್


ಜಗಳೂರು
೨ ಜುಲೈ ೨೦೨೪

ಕೆಂಚಾ,

ವಾಲ್ವು ಕಳಿಸಿದ್ದೇನೆ. ಗೋಣಿಚೀಲದಲ್ಲಿ ಸುತ್ತಿದೆ, ರುದ್ರಮುನಿಗೆ ಕಾಲಡಿ ಇಟ್ಟುಕೊಳ್ಳಬೇಡ ಅಂತ ಹೇಳಿದ್ದೇನೆ.

ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿದೆ, ಒಂದು ಗುಳ್ಳೆಯೂ ಬರಲಿಲ್ಲ. ಪಿಸ್ಟನ್ ಬೆಣ್ಣೆಯಲ್ಲಿ ಜಾರಿದ ಹಾಗೆ ಓಡುತ್ತದೆ. ನಿನ್ನ ಬಾವ ಆಂಜನೇಯ ನೋಡಿ, "ಇಷ್ಟು ಚಂದ ಮಾಡೀಯ, ಇದನ್ನ ನಮ್ಮ ಮೆಕ್ಕೆಜೋಳದ ಹೊಲದಾಗೆ ಗಿಣಿ ಓಡಿಸಾಕಾದ್ರೂ ಇಟ್ಕೊಳೇ" ಅಂದರು. ಕೊಡಲಿಲ್ಲ.

ಒಂದು ಮಾತು ನೆನಪಿಡು. ಹಿಂದಿನ ಮುಚ್ಚಳ ಬಿಚ್ಚಬೇಡ. ಸೀಲು ಹಾಳಾಗುತ್ತದೆ, ಅದಕ್ಕೇ ಅಂಟು ಹಾಕಿ ಮುಚ್ಚಿದ್ದೇನೆ. ಕಡಿಮೆ ಗಾಳಿಯಲ್ಲೇ ನೋಡು. ಮೊದಲು ಮರಳ ಮೂಟೆ ಮೇಲೆ ಇಟ್ಟು, ಉದ್ದನೆಯ ದಾರ ಕಟ್ಟಿ ದೂರದಿಂದ ಎಳೆ. ಮುಖ ಹತ್ತಿರ ಇಡಬೇಡ. ಗಾಳಿ ಇದ್ದಾಗ ಕೊಳವೆಯೊಳಗೆ ಇಣುಕಬೇಡ. ಅಕ್ಷಿತಾ ಹತ್ತಿರ ಬರುವುದು ಬೇಡ. ಎಷ್ಟು ಬರೆದರೂ ಮುಗಿಯುತ್ತಿಲ್ಲ.

ಅದನ್ನು ಕೊಟ್ಟು ಬಂದಾಗಿನಿಂದ ಅನ್ನ ಸೇರುತ್ತಿಲ್ಲ. ಏನಾಯಿತು ಅಂತ ಬೇಗ ಬರೆ.

ಉಷಾರಾಣಿ


ಹೊನ್ನಾಳಿ
೯ ಜುಲೈ ೨೦೨೪

ಅಕ್ಕಾ,

ನಿನ್ನ ವಾಲ್ವು ಭೇಷ್! ಟಪ್ ಅಂತ ಒಂದೇ ಸದ್ದು. ಹೊಳೆ ದಂಡೆಯ ಹುಡುಗರೆಲ್ಲ ಕೂಗಿಕೊಂಡರು. ಆದರೆ ಗೂಟ ನಡು ಹೊಳೆಯಲ್ಲಿ ಬಿತ್ತು. ಮೊದಲಿಗಿಂತ ಎಷ್ಟೋ ದೂರ, ಆದರೂ ನಡು ಹೊಳೆ. ದುರುಗೇಶಣ್ಣನ ತಮ್ಮ ಹೋದ ಜಾಗದಲ್ಲೇ ಬಿತ್ತು ಅಂತ ನನಗನ್ನಿಸಿತು, ಸುಳ್ಳಿರಬಹುದು.

ಬಹಳ ಯೋಚನೆ ಮಾಡಿದೆ. ವಾಲ್ವಿನಲ್ಲಿ ತಪ್ಪಿರಲಾರದು, ನೀನು ಮಾಡಿದ್ದು. ಹಾಗಾದರೆ ಗಾಳಿಯೇ ಸಾಲುತ್ತಿಲ್ಲ. ಇಷ್ಟು ದಿನ ಕಾಲಲ್ಲಿ ತುಳಿಯುವ ಪಂಪಿನಲ್ಲಿ ತುಂಬುತ್ತಿದ್ದೆ. ನ್ಯಾಮತಿಯಲ್ಲಿ ಪಂಕ್ಚರ್ ಅಂಗಡಿಯ ಕೃಷ್ಣ ಇದ್ದಾನಲ್ಲ, ಲಾರಿ ಟೈರಿಗೆ ಹಾಕುವ ಕಂಪ್ರೆಸರ್ ಅವನದ್ದು. ಭಾನುವಾರ ಸಂಜೆ ಅಂಗಡಿ ಮುಚ್ಚಿ ಅದನ್ನೇ ಆಟೋದಲ್ಲಿ ಹಾಕಿಕೊಂಡು ಬರುತ್ತೇನೆ ಅಂದಿದ್ದಾನೆ. ಈಗಿನದ್ದರ ಎರಡರಷ್ಟು ತುಂಬಿದರೆ ಆ ದಡ ಏನು, ಸೂರಗೊಂಡನಕೊಪ್ಪದ ಗುಡ್ಡವನ್ನೂ ಮುಟ್ಟಬಹುದು ಅಂತ ಕೃಷ್ಣ.

ನಿನಗೆ ಖುಷಿಯಾಗಲಿ ಅಂತ ಹೇಳುತ್ತೇನೆ, ನಾನೂ ಹುಷಾರಾಗಿದ್ದೇನೆ. ಟ್ಯಾಂಕಿನ ಕೊನೆಯಲ್ಲಿ ಸಣ್ಣದಾಗಿ ಸೋರುತ್ತಿತ್ತು, ಬಿಚ್ಚಿ ಮತ್ತೆ ಸಲ್ಯೂಷನ್ ಹಚ್ಚಿ ಕೂರಿಸಿ ಬಿಸಿಲಿಗೆ ಇಟ್ಟಿದ್ದೇನೆ. ಈಗ ಕಲ್ಲಿನ ಹಾಗಿದೆ. ದೂರದಿಂದ ದಾರ ಎಳೆದರೆ ಗುರಿ ಸಿಗುವುದಿಲ್ಲ ಅಕ್ಕ, ಹೆಗಲ ಮೇಲಿಟ್ಟು ಕೆನ್ನೆ ಆನಿಸಿದರೇ ನೇರ ಹೋಗುವುದು. ಭಾನುವಾರ ಹಾಗೇ ಮಾಡುತ್ತೇನೆ.

ಮುಂದಿನ ವಾರ ಡ್ಯಾಮಿನಿಂದ ನೀರು ಬಿಡುವ ಸುದ್ದಿ ಇದೆ. ನಡುಗಡ್ಡೆಯಲ್ಲಿ ಇನ್ನೂ ಎರಡು ಹಟ್ಟಿ ಕುರಿ ಇವೆ.

ಕೆಂಚೇಶ್


ಜಗಳೂರು, ಬಸ್ ಸ್ಟ್ಯಾಂಡು
೧೪ ಜುಲೈ ೨೦೨೪, ಭಾನುವಾರ

ಕೆಂಚಾ, ತುಂಬಬೇಡ!

ಗಾಳಿ ತುಂಬಬೇಡ. ಕೃಷ್ಣನಿಗೆ ವಾಪಸ್ ಹೋಗು ಅನ್ನು.

ನಿನ್ನ ಕಾಗದ ಈಗ ಸಿಕ್ಕಿತು. ರುದ್ರಮುನಿ ತಂಗಿಯ ಮದುವೆಗೆ ರಜೆ ಹಾಕಿದ್ದ, ಕಾಗದ ಅವನ ಚೀಲದಲ್ಲೇ ಉಳಿದಿತ್ತು. ನಗುನಗುತ್ತಾ ಮದುವೆಯ ಲಾಡು ಜೊತೆಗೆ ಕೊಟ್ಟ. ಓದಿ ಮುಗಿಸುವ ಮೊದಲೇ ಅವನ ಪೆನ್ನು ಕಿತ್ತುಕೊಂಡೆ.

ಕಬ್ಬಿಣಕ್ಕೆ ಯಾರಾದರೂ ಸಲ್ಯೂಷನ್ ಹಚ್ಚುತ್ತಾರೇನೋ? ಅದು ಪ್ಲಾಸ್ಟಿಕ್ ಪೈಪು ಅಂಟಿಸುವುದಕ್ಕೆ. ದಿನಕ್ಕೆ ಹತ್ತು ಡಬ್ಬಿ ನಾನೇ ಮಾರುತ್ತೇನೆ. ಕಂಪ್ರೆಸರಿನ ಕಬ್ಬಿಣದ ಟ್ಯಾಂಕನ್ನು ಹೆಗಲ ಮೇಲಿಟ್ಟು ಕೆನ್ನೆ ಆನಿಸಲು ನೀನೇನು ಭೀಮನಾ? ಸುಳ್ಳು ಬರೆದೆ ನನಗೆ. ಬೋರಿನ ಪೈಪಿನಲ್ಲಿ ಮಾಡಿ, ಕಬ್ಬಿಣ ಅಂತ ಬರೆದೆ. ಅದನ್ನು ಬಿಸಿಲಲ್ಲಿ ಬೇರೆ ಇಟ್ಟಿದ್ದೀಯ, ಬಿಸಿಲು ತಿಂದ ಪೈಪು ಹಪ್ಪಳ.

ನಿನ್ನನ್ನು ಬೈಯಲು ನನಗೆ ಯಾವ ಬಾಯಿ ಇದೆ! ನಾನೂ ಮುಚ್ಚಿಟ್ಟಿದ್ದೇನೆ. ಆ ವಾಲ್ವಿನೊಳಗೆ ಪಿಸ್ಟನ್ನಿನ ಹಿಂದೆ ಒಂದು ನೈಲಾನ್ ಬಳೆ ಹಾಕಿದ್ದೇನೆ. ಪಿಸ್ಟನ್ ಪೂರ್ತಿ ಹಿಂದಕ್ಕೆ ಹೋಗದ ಹಾಗೆ ಅದು ತಡೆಯುತ್ತದೆ. ಬಾಗಿಲು ಅರ್ಧವೇ ತೆರೆಯುತ್ತದೆ. ಬಳೆ ಇಲ್ಲದೆ ಇಲ್ಲಿ ಹಿತ್ತಿಲಲ್ಲಿ ಅಂಗಡಿಯ ಟ್ಯಾಂಕಿಗೆ ಹಚ್ಚಿ ಒಮ್ಮೆ ಬಿಟ್ಟು ನೋಡಿದ್ದೆ, ಗೂಟ ಬೇಲಿ ದಾಟಿ ಮೂರು ಹೊಲದಾಚೆ ಬಿತ್ತು. ನಿನ್ನ ಕೈಯಲ್ಲಿ ಅಷ್ಟು ಜೋರು ಇರುವುದು ಬೇಡ ಅಂತ, ಗೂಟ ಸ್ವಲ್ಪ ಮೆಲ್ಲಗೆ ಹೋದರೆ ನಿನಗೆ ಏನೂ ಆಗುವುದಿಲ್ಲ ಅಂತ ಹಾಕಿದೆ. ಅದು ಕಾಣಬಾರದು ಅಂತಲೇ ಮುಚ್ಚಳಕ್ಕೆ ಅಂಟು ಹಾಕಿದ್ದು. ಸೀಲೂ ಇಲ್ಲ ಏನೂ ಇಲ್ಲ.

ಗಾಳಿ ಸಾಲದ್ದಲ್ಲ ಕೆಂಚಾ. ಮೊದಲು ನೀನು ತುಂಬುತ್ತಿದ್ದ ಗಾಳಿಯೇ ಸಾಕಾಗುತ್ತಿತ್ತು. ನಾನು ಬಾಗಿಲು ಮುಚ್ಚಿದೆ, ನೀನು ಅದು ಗೊತ್ತಿಲ್ಲದೆ ಇನ್ನಷ್ಟು ತುಂಬುತ್ತಿದ್ದೀಯ. ನಿನ್ನನ್ನು ಉಳಿಸಲು ಹೋಗಿ ನಾನೇ ಮದ್ದಿಗೆ ಕಿಡಿ ಇಟ್ಟ ಹಾಗಾಯಿತು.

ರುದ್ರಮುನಿ ಮುಂದೆಯೇ ನಿಂತು ಇದನ್ನು ಬರೆಯುತ್ತಿದ್ದೇನೆ. "ನಾನು ಹೊನ್ನಾಳಿ ಮುಟ್ಟಾಕೆ ಸಂಜೆ ಆಗ್ತೈತೆ ಅಕ್ಕಾ. ಫೋನ್ ಮಾಡ್ರಿ" ಅಂದ. ನಾನು, "ಆಣೆ ಐತಪ್ಪಾ" ಅಂದೆ. "ಹಂಗಾದ್ರೆ ನಾನೇ ಮಾಡ್ತೀನಿ ಕೊಡ್ರಿ" ಅಂತ ಅವನ ಫೋನಿನಿಂದ ಮಾಡಿದ. ಎತ್ತಲಿಲ್ಲ ನೀನು. ಭಾನುವಾರ ನೀನು ಗಿರಾಕಿಗಳ ಫೋನ್ ಎತ್ತುವುದಿಲ್ಲವಂತೆ, ಅವನೇ ಹೇಳಿದ. ಮತ್ತೆ ಮಾಡಿದ. ಎತ್ತಲಿಲ್ಲ.

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ನಿಂತೇ ಗೀಚಿದ್ದೇನೆ, ಅಕ್ಷರ ನೋಡಿ ನಗಬೇಡ. ಇದನ್ನು ಅವನ ಕೈಗೆ ಕೊಡುತ್ತೇನೆ. ಮನೆಗೆ ಓಡುತ್ತೇನೆ. ನನ್ನ ಫೋನು ಅವ್ವನ ಹತ್ತಿರ ಇದೆ. ಅವಳು ಹೇಳಿದ್ದು ನೆನಪಿದೆ, ಆಣೆ ಮುರಿದವರ ಮನೆಯಲ್ಲಿ ಒಂದು ಜೀವ ಹೋಗುತ್ತದೆ ಅಂತ. ಆದರೆ ಸುಮ್ಮನಿದ್ದರೂ ಹೋಗುತ್ತದಲ್ಲೋ. ಹೋಗುವುದಿದ್ದರೆ ನನ್ನದೇ ಹೋಗಲಿ.

ನನ್ನ ಹೆಸರು ಕಂಡರೆ ಎತ್ತು ಕೆಂಚಾ. ದಮ್ಮಯ್ಯ, ಎತ್ತು.


ಹೊನ್ನಾಳಿ
೨೦ ಜುಲೈ ೨೦೨೪

ಅಕ್ಕಾ,

ಬದುಕಿದ್ದೇನೆ. ಅಕ್ಷಿತಾ ಬಾವನಿಗೆ ಫೋನ್ ಮಾಡಿ ಹೇಳಿದ್ದಾಳೆ, ಆದರೂ ನನ್ನ ಕೈಯಲ್ಲಿ ಬರೆದದ್ದು ನೋಡಿದರೇ ನೀನು ನಂಬುವುದು. ಎಡಗೈಗೆ ಹೊಲಿಗೆ ಬಿದ್ದಿದೆ, ಬರೆಯುವ ಕೈ ನೆಟ್ಟಗಿದೆ.

ಆವತ್ತು ಕೃಷ್ಣ ಮಧ್ಯಾಹ್ನವೇ ಬಂದುಬಿಟ್ಟ. ತಗಡಿನ ಶೆಡ್ಡಿನಲ್ಲಿ ಕಂಪ್ರೆಸರ್ ಹಚ್ಚಿದ್ದೆವು. ನಾನು ಪೈಪನ್ನು ಹೆಗಲ ಮೇಲಿಟ್ಟು, ಕೆನ್ನೆ ಆನಿಸಿ, ಹೊಳೆ ಕಡೆ ಗುರಿ ನೋಡುತ್ತಾ ಸ್ಟೂಲಿನ ಮೇಲೆ ಕೂತಿದ್ದೆ. ಕಂಪ್ರೆಸರಿನ ಗೇಜಿನ ಮುಳ್ಳು ಮೇಲೇರುತ್ತಿತ್ತು. ಕೃಷ್ಣ "ಇನ್ನಾ ಬರ್ಲಿ, ಇನ್ನಾ ಬರ್ಲಿ" ಅನ್ನುತ್ತಿದ್ದ. ಎದುರಿಗೆ ಮೇಜಿನ ಮೇಲೆ ಫೋನು ಬೆಳಗಿತು. ಅದರ ಮೇಲೆ "ಅಕ್ಕ" ಅಂತ ಇತ್ತು.

ನಾಲ್ಕು ವರ್ಷದಲ್ಲಿ ಒಮ್ಮೆಯೂ ಬರದ ಹೆಸರು. ಅವ್ವ ಹೋದಳು ಅಂದುಕೊಂಡೆ. ಇನ್ನೇನು ಇರಲು ಸಾಧ್ಯ, ಅದಕ್ಕಲ್ಲದೆ ನೀನು ಆಣೆ ಮುರಿಯುವವಳಾ? ಪೈಪನ್ನು ಮರಳ ಮೂಟೆ ಮೇಲೆ ಹಾಕಿ ಎದ್ದೆ. ಕಂಪ್ರೆಸರ್ ಸದ್ದಿಗೆ ಏನೂ ಕೇಳದು ಅಂತ ಫೋನ್ ಹಿಡಿದು ಹೊರಗೆ ಓಡಿದೆ. ನನ್ನ ಮುಖ ನೋಡಿ ಕೃಷ್ಣನೂ "ಏನಾತೋ" ಅಂತ ಹಿಂದೆಯೇ ಬಂದು ನನ್ನನ್ನೂ ದಾಟಿ ಅಂಗಳಕ್ಕೆ ಹೋದ. ಕಂಪ್ರೆಸರ್ ಆರಿಸುವುದು ಇಬ್ಬರಿಗೂ ಹೊಳೆಯಲಿಲ್ಲ.

ಬಾಗಿಲ ಹೊರಗೆ ಕಾಲಿಟ್ಟಿದ್ದೆ. ನೀನು, "ಕೆಂಚಾ, ಹೊರಗೆ ಬಾರೋ" ಅಂದೆ. ನಾನು, "ಹೊರಗೇ ಅದೀನಿ, ಅವ್ವಂಗೇನಾತೇ" ಅಂದೆ. ಅಷ್ಟೇ. ಆಮೇಲೆ ಬೆನ್ನ ಹಿಂದೆ ಆಕಾಶ ಬಿತ್ತು.

ಶೆಡ್ಡಿನ ತಗಡಿನಲ್ಲಿ ಜರಡಿಯ ಹಾಗೆ ತೂತು ಬಿದ್ದಿವೆ. ನಾನು ಕೂತಿದ್ದಾಗ ತಲೆಯ ಹಿಂದೆ ಗೋಡೆಗೆ ಕ್ಯಾಲೆಂಡರ್ ಇತ್ತು, ಈಗ ಮೊಳೆ ಮಾತ್ರ ಇದೆ. ಅಕ್ಷಿತಾ ನನ್ನನ್ನು ಅಲ್ಲಿ ನಿಲ್ಲಿಸಿ ಆ ಮೊಳೆ ತೋರಿಸಿದಳು. ಆಮೇಲೆ ಬಹಳ ಹೊತ್ತು ಅತ್ತಳು.

ನಿನ್ನ ಕಾಗದ ಸಂಜೆ ರುದ್ರಮುನಿ ತಂದ. ವಾಲ್ವಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಿಂದ ಬಂದಮೇಲೆ ಬಿಚ್ಚಿ ಬಳೆ ತೆಗೆದೆ. ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ನನ್ನನ್ನು ನಂಬಿ ಒಂದು ಮಾತು ಬರೆದಿದ್ದರೆ ಅಂತ. ಆಮೇಲೆ, ನಾನು ನಿನ್ನನ್ನು ನಂಬಿ ಪ್ಲಾಸ್ಟಿಕ್ ಅಂತ ಬರೆದಿದ್ದೆನಾ ಅಂತ ಅನ್ನಿಸಿತು. ಬರೆದರೆ ನೀನು ವಾಲ್ವು ಕೊಡುತ್ತಿರಲಿಲ್ಲ. ನನಗೆ ಹೊಳೆಯದ್ದೇ ಭಯ, ನಿನಗೆ ನನ್ನದೇ ಭಯ. ಇಬ್ಬರೂ ಭಯ ಬಿದ್ದೇ ಇಷ್ಟೆಲ್ಲಾ ಮಾಡಿಕೊಂಡೆವು.

ಇನ್ನೊಂದು ವಿಷಯ. ಇದನ್ನು ನಿಮಗೆ ಹೇಳಬೇಡ, ನಾನೇ ಬರೆಯುತ್ತೇನೆ ಅಂತ ಅಕ್ಷಿತಾಗೆ ಅಂದಿದ್ದೆ. ನನಗೆ ಕಿವಿ ಕೇಳಿಸುತ್ತಿಲ್ಲ ಅಕ್ಕ. ಎರಡೂ. ತಮಟೆ ಹರಿದಿವೆಯಂತೆ. ಒಂದು ಸ್ವಲ್ಪ ಬರಬಹುದು ಅಂತ ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು, ಇನ್ನೊಂದರ ವಿಷಯ ಬರೆಯಲಿಲ್ಲ. ಆಮೇಲೆ ಡ್ಯಾಮಿನಿಂದ ನೀರು ಬಿಟ್ಟರು. ಸೈರನ್ ಕೂಗಿತಂತೆ, ನನಗೆ ಕೇಳಲಿಲ್ಲ. ಜನ ಓಡುವುದು ನೋಡಿ ಗೊತ್ತಾಯಿತು. ಕುರಿಯವರು ಈ ಸಲ ಮೊದಲೇ ಎದ್ದುಹೋಗಿದ್ದರು. ನಮ್ಮ ಶೆಡ್ಡಿನ ಸದ್ದು ಕೇಳಿ ಕುರಿಗಳು ಬೆದರಿ ದಡ ಹತ್ತಿದವಂತೆ, ಹಿಂದೆಯೇ ಇವರೂ ಹತ್ತಿದರಂತೆ. ಇಡೀ ಹೊನ್ನಾಳಿಗೆ ಅದೇ ನಗೆ.

ನಾನು ಕೊನೆಗೆ ಕೇಳಿದ ಮಾತು ನಿನ್ನದು. ನಾಲ್ಕು ವರ್ಷ ಆದಮೇಲೆ ಫೋನ್ ಮಾಡಿದೆ, ನಾನು ಕೇಳಿದ್ದು ಮೂರೇ ಮೂರು ಪದ.

ಕೆಂಚೇಶ್


ಜಗಳೂರು
೨೪ ಜುಲೈ ೨೦೨೪

ಕೆಂಚಾ,

ನಿನ್ನ ಕಾಗದ ಓದಿ ಹೇಳಿದೆ, ಅವ್ವ ಊಟ ಬಿಟ್ಟು ಎದ್ದಳು. "ಜೀವ ಹೋಗ್ತೈತೆ ಅಂದಿದ್ದೆ, ಕಿವಿ ತಗೊಂಡು ಜೀವ ಉಳಿಸೈತೆ ದೇವ್ರು" ಅಂದಳು. ನಾನೂ ಅವ್ವನೂ ಮನೆದೇವರಿಗೆ ಹೋಗಿ ಆಣೆ ಬಿಚ್ಚಿಸಿಕೊಂಡು ಬಂದೆವು. ತಪ್ಪುಕಾಣಿಕೆ ನಾನೇ ಕಟ್ಟಿದೆ, ನಿನ್ನ ಪಾಲಿನದ್ದೂ. ಪೂಜಾರಿ, "ಇನ್ನು ಮಾತಾಡ್ಕೊಳ್ರವ್ವಾ" ಅಂದ. ನಾನು ಗುಡಿಯ ಕಂಬ ಹಿಡಿದುಕೊಂಡು ಅತ್ತುಬಿಟ್ಟೆ.

ಒಂದು ಕಬ್ಬಿಣದ ಟ್ಯಾಂಕು ನೋಡಿಟ್ಟಿದ್ದೇನೆ. ಪರೀಕ್ಷೆ ಮಾಡಿಸಿ, ಕಾಲು ಹಾಕಿಸಿ ತರುತ್ತೇನೆ, ಹೆಗಲ ಮೇಲೆ ಇಡಲು ಆಗಬಾರದು. ಬಳೆ ಇಲ್ಲದ ವಾಲ್ವು ಅದಕ್ಕೆ ಕೂರಿಸೋಣ. ಎಷ್ಟು ಗಾಳಿ ಅನ್ನುವುದನ್ನು ಇಬ್ಬರೂ ಕೂತು ಗುರುತು ಹಾಕೋಣ. ಮುಂದಿನ ಸಲ ಸೈರನ್ ಕೂಗಿದರೆ ನಿನಗೆ ಯಾರಾದರೂ ಹೇಳುತ್ತಾರೆ, ಹಗ್ಗ ನೀನೇ ಎಸೆ.

ಮುಂದಿನ ವಾರ ಶುಕ್ರವಾರ ರುದ್ರಮುನಿಯ ಬಸ್ಸಿಗೆ ಬರುತ್ತಿದ್ದೇವೆ. ಅವ್ವನೂ ಬರುತ್ತಾಳೆ. ನಿನ್ನ ಮನೆಯಲ್ಲಿ ಎಷ್ಟು ದಿನ ಇರಬೇಕೋ ಅವಳೇ ಹೇಳಲಿ, ನಾನು ಬಾಯಿ ಹಾಕುವುದಿಲ್ಲ.

ಅಲ್ಲಿಯವರೆಗೆ ದಿನಾ ಬೆಳಗ್ಗೆ ನಿನಗೆ ಫೋನ್ ಮಾಡುತ್ತೇನೆ. ನಾಲ್ಕು ವರ್ಷದ್ದು ಬಹಳ ಇದೆ, ಹೇಳುತ್ತಾ ಹೋಗುತ್ತೇನೆ. ನಿನಗೆ ಕೇಳುವುದಿಲ್ಲ ಅಂತ ಗೊತ್ತು. ಆದರೂ ಎತ್ತಿ ಕಿವಿಗೆ ಇಟ್ಟುಕೋ.

ನಿನ್ನ ಅಕ್ಕ
ಉಷಾರಾಣಿ